ಬಸವನಿಗೆ ವಿರಕ್ತಿ ಕೊಡಿಸಿದ ಡಾಕ್ಟರಬಾಯಿ

ನಮ್ಮೂರಿನಲ್ಲಿ ದನಗಳಿಗೆ ಬಹುವಚನ ಹಚ್ಚಿ ಮಾತನಾಡಿಸುತ್ತಿದ್ದವರು ಡಾಕ್ಟರಬಾಯಾರೊಬ್ಬರೇ. "ಸ್ವಲ್ಪ ಸರೀರಿ ಅವ್ವಾರ, ಕಾಲ ಎತ್ತರಿ" ಎಂದು ಎಮ್ಮೆಗೆ ಹೇಳುವರು. ಅದೇ ಉಸಿರಿನಲ್ಲಿ ಎಮ್ಮೆಯ ಯಜಮಾನನ ಕಡೆ ತಿರುಗಿ, "ಗಟ್ಟಿ ಹಿಡಿಯೋ ಲೇ, ಮುಂಜಾನಿಂದ ಉಂಡಿಲ್ಲೇನು?" ಎನ್ನುವರು. ಯಜಮಾನ ಊರಿಗೇ ದೊಡ್ಡ ಗೌಡನಾದರೂ ಅಷ್ಟೇ. ಮೊದಮೊದಲು ಕೆಲವರು ಸಿಟ್ಟಾದರು. ಆಮೇಲೆ ತಮ್ಮ ಎಮ್ಮೆಗೆ ಸಿಗುವ ಮರ್ಯಾದೆಯಲ್ಲೇ ಸಮಾಧಾನಪಟ್ಟುಕೊಂಡರು.

ನಾನು ಊರಿನ ಹಾಲಿನ ಸಂಘದ ಕಾರ್ಯದರ್ಶಿ. ಹಾಲಿನಲ್ಲಿ ನೀರು ಹುಡುಕುವುದು ನನ್ನ ಉದ್ಯೋಗ. ಬಹಳ ವರ್ಷ ಅದನ್ನೇ ಮಾಡಿದ್ದರಿಂದ ಮನುಷ್ಯರಲ್ಲೂ ನೀರು ಹುಡುಕುವ ಚಟ ಹತ್ತಿದೆ. ಸಾಮಾನ್ಯವಾಗಿ ಸಿಗುತ್ತದೆ ಕೂಡ. ಡಾಕ್ಟರಬಾಯಾರು ನಮ್ಮ ಭಾಗದ ದನದ ಆಸ್ಪತ್ರೆಗೆ ಬಂದು, ಸಂಘದ ಹಿಂದಿನ ಎರಡು ಖೋಲಿಯ ಮನೆಯನ್ನು ಬಾಡಿಗೆಗೆ ಹಿಡಿದಾಗ, ಅವರನ್ನೂ ನಾನು ಅದೇ ಕಣ್ಣಿನಿಂದ ನೋಡಿದೆ. ತಲೆ ಅರ್ಧ ಬೆಳ್ಳಗಾದ ಹೆಂಗಸು, ಸೀರೆಯ ಕೆಳಗೆ ಗಂಡಸರ ಕ್ಯಾನ್ವಾಸ್ ಬೂಟು, ಸ್ಕೂಟರಿನ ಮುಂದೆ ಚೀಲ. ಅಣ್ಣಿಗೇರಿ ಕಡೆಯ ಮಾಸ್ತರೊಬ್ಬರ ಮಗಳು ಎಂಬುದಷ್ಟು ಗೊತ್ತಾಯಿತು. ಮದುವೆ ಆಗಿತ್ತೋ ಇಲ್ಲವೋ ಎಂದು ತಿಳಿಯಲು ಊರಿನ ಹೆಂಗಸರು ಪಟ್ಟ ಪಾಡು ಅಷ್ಟಿಷ್ಟಲ್ಲ. ಒಮ್ಮೆ ಹಾಲು ಹಾಕಲು ಬಂದ ಒಬ್ಬಾಕೆ ಧೈರ್ಯ ಮಾಡಿ ಕೇಳಿಯೇಬಿಟ್ಟಳು. ಬಾಯಾರು ನನ್ನ ಫ್ಯಾಟ್ ಅಳೆಯುವ ಯಂತ್ರದ ಕಡೆ ಕೈ ತೋರಿಸಿ, "ಆ ಪ್ರಶ್ನಿ ಇದರಾಗ ಹಾಕಿ ನೋಡವಾ, ಏನರೆ ಸತ್ವ ಇದ್ರ ಉತ್ತರ ಹೇಳ್ತೀನಿ" ಎಂದರು. ಮತ್ತೆ ಯಾರೂ ಕೇಳಲಿಲ್ಲ.

ಅವರಿಗೆ ಹೊಗಳಲು ಬರುತ್ತಿರಲಿಲ್ಲ. ಕರಿಮಣ್ಣಿನ ಎರಿ ಹೊಲದ ಮಂದಿ ನಾವು, ದಪ್ಪನೆಯದು ಕಂಡರೆ ಸಾಕು, ಮರುಳಾಗುತ್ತೇವೆ. ಎತ್ತು ಕೊಳ್ಳುವಾಗ ಮೊದಲು ಕೈ ಹೋಗುವುದು ಅದರ ಹಿಂದಿನ ತೊಡೆಗೆ. ಚಪ್ಪಳಿಸಿ, ಸಪ್ಪಳ ಕೇಳಿ, "ಏನ ಮೈ ಐತ್ರಿ!" ಎಂದು ಸುತ್ತ ನಿಂತವರ ಮುಖ ನೋಡುತ್ತೇವೆ. ಹಾಗೆ ಸಾಕಿದ ಎತ್ತನ್ನು ತೊಳೆದು, ಕೋಡಿಗೆ ಎಣ್ಣೆ ಹಚ್ಚಿ, ಬಾಯಾರ ಮುಂದೆ ತಂದು ನಿಲ್ಲಿಸಿ ಒಂದು ಒಳ್ಳೆಯ ಮಾತಿಗಾಗಿ ಕಾಯುವವರಿದ್ದರು. ಬಾಯಾರು ಸೊಂಟದಿಂದ ಮೊಣಕಾಲಿನವರೆಗೆ ಅಂಗೈ ಆಡಿಸಿ, "ಹೂಂ, ನೋಡೂಣು" ಎನ್ನುವರು. ಅಷ್ಟೇ. ಕಣ್ಣೆದುರಿಗೇ ನಿಂತ ಎತ್ತಿನಲ್ಲಿ ಇನ್ನೇನು ನೋಡುವುದಿದೆ ಎಂದು ಒಡೆಯ ಗೊಣಗುತ್ತಾ ಹೋಗುವನು.

ದೊಡ್ಡ ಶಹರದ ದೊಡ್ಡ ಪ್ರಯೋಗಶಾಲೆಯಲ್ಲಿ ಅವರಿಗೆ ಕೆಲಸವಿತ್ತೆಂದೂ ಅದನ್ನು ಬಿಟ್ಟು ದನದ ಡಾಕ್ಟರಿಕೆಗೆ ಮರಳಿದರೆಂದೂ ಸುದ್ದಿ ಇತ್ತು. ಅಲ್ಲೇನು ಮಾಡುತ್ತಿದ್ದಿರಿ ಎಂದು ಒಮ್ಮೆ ಕೇಳಿದೆ.

"ಇಲಿ ಸಾಕ್ತಿದ್ದೆ" ಎಂದರು.

"ಅದಕ್ಕ ಅಷ್ಟ ದೂರ ಯಾಕ ಹೋಗಿದ್ರಿ? ಗುಡಗೇರಿ ಕಾಳಿನ ಅಡತಿ ಅಂಗಡಿಯಾಗ ಬೇಕಾದಷ್ಟ ಅದಾವಲ್ಲ" ಎಂದೆ.

ಅವರು ನಗಲಿಲ್ಲ. ಚಾದ ಬಸಿ ಕೆಳಗಿಟ್ಟು ನಿಧಾನವಾಗಿ ಹೇಳಿದರು. ಮೈಯಲ್ಲಿ ಮಾಂಸ ಬೆಳೆಸುವ ಜೀನುಗಳು ಬೇಕಾದಷ್ಟಿವೆಯಂತೆ. ಆದರೆ ಬೆಳೆಯುವ ಮಾಂಸಕ್ಕೆ 'ಇನ್ನು ಸಾಕು' ಎಂದು ಹೇಳುವ ಮುಖ್ಯವಾದ ಜೀನು ಒಂದಿದೆಯಂತೆ. ಇಲಿಗೂ ಅದಿದೆ, ಕುರಿಗೂ ಇದೆ, ಆಕಳಿಗೂ ಇದೆ, ನನಗೂ ಇದೆ. ನನ್ನ ವಿಷಯದಲ್ಲಿ ಅದು ಸ್ವಲ್ಪ ಹೆಚ್ಚೇ ಕೆಲಸ ಮಾಡಿದೆ ಎಂದು ನನ್ನ ತೋಳು ನೋಡಿ ಹೇಳಿದರು. ಇಲಿಗಳಲ್ಲಿ ಆ 'ಸಾಕು' ಎನ್ನುವುದನ್ನು ಕೆಡಿಸಿ ಮರಿ ಮಾಡಿಸುವುದು, ಹುಟ್ಟಿದ ಮರಿಗಳ ತೊಡೆ ಭುಜ ತೂಗುವುದು, ಇದು ಅವರ ಕೆಲಸವಾಗಿತ್ತು.

"ಗರಡಿಮನಿ ಪೈಲವಾನರಂಗ ಆಗ್ತಿದ್ವು. ನೋಡಾಕ ಬಂದವರು ಫೋಟೋ ತಗೀತಿದ್ರು" ಎಂದರು.

"ಶಕ್ತೀನೂ ಬರ್ತಿತ್ತೇನ್ರಿ?"

"ಮಾಂಸ ಬಂದಷ್ಟು ಬರ್ತಿರಲಿಲ್ಲ."

ಏಕೆ ಬಿಟ್ಟಿರಿ ಎಂದಾಗ ಮಾತ್ರ ಪ್ರತಿ ಸಲ ಬೇರೆ ಬೇರೆ ಉತ್ತರ. ಒಮ್ಮೆ ಶಹರದ ನೀರು ಒಗ್ಗಲಿಲ್ಲ ಎಂದರು. ಒಮ್ಮೆ ಸಾಹೇಬರ ಜೊತೆ ಜಗಳ ಎಂದರು. ಇನ್ನೊಮ್ಮೆ, "ಇಲಿ ಸತ್ರ ಅಳಾಕ ಯಾರೂ ಬರೂದಿಲ್ಲ. ಇಲ್ಲಿ ಒಂದ ಕರಾ ಸತ್ರ ಮನಿ ಮಂದೀನ ಬರ್ತಾರ, ಬೈತಾರ. ಬೈಸಿಕೊಂಡರ ಕೆಲಸಾ ಮಾಡಿದಂಗ ಅನಿಸ್ತೈತಿ" ಎಂದರು. ಇವುಗಳಲ್ಲಿ ಯಾವುದು ಗಟ್ಟಿ ಹಾಲು, ಯಾವುದು ನೀರು ಎಂದು ಹೇಳಲಾರೆ.

ಅವರು ಬೈಸಿಕೊಂಡದ್ದು ಹೆಚ್ಚಾಗಿ ನಮ್ಮೂರ ಬಸವನಿಂದ.

ಬಸವನೆಂದರೆ ದೇವರಿಗೆ ಬಿಟ್ಟ ಹೋರಿ. ನಮ್ಮ ಶಿವಪ್ಪಕಾಕಾ ಬಿಟ್ಟದ್ದು. ಹಿಂದೆ ಅವನ ಮೊಮ್ಮಗಳು ಜ್ವರ ನೆತ್ತಿಗೇರಿ ಹುಬ್ಬಳ್ಳಿಯ ದವಾಖಾನೆಯಲ್ಲಿ ಮಲಗಿದ್ದಾಗ, ಹುಡುಗಿ ಉಳಿದರೆ ಹೋರಿ ಬಿಡುತ್ತೇನೆಂದು ಹರಕೆ ಹೊತ್ತಿದ್ದ. ಹುಡುಗಿ ಉಳಿದಳು. ಕಾಕಾ ಸಂತೆ ಸಂತೆ ತಿರುಗಿ, ಕಣ್ಣಿಗೆ ತುಂಬುವಂಥ ಹೋರಿಗರು ಆರಿಸಿ ತಂದು, ಪೂಜೆ ಮಾಡಿ, ತೊಡೆಯ ಮೇಲೆ ಲಿಂಗಮುದ್ರೆ ಒತ್ತಿಸಿ, ಗುಡಿಯ ಮುಂದೆ ಹಗ್ಗ ಬಿಚ್ಚಿದ. ಅಂದಿನಿಂದ ಅದು ಯಾರ ಹೊಲ ಹೊಕ್ಕರೂ ಯಾರೂ ಕೋಲು ಎತ್ತುವಂತಿಲ್ಲ. ಮನೆ ಮುಂದೆ ಬಂದು ನಿಂತರೆ ರೊಟ್ಟಿ ಕೊಟ್ಟು ಕೈ ಮುಗಿಯಬೇಕು. ಊರಿನ ಆಕಳುಗಳೆಲ್ಲ ಅದಕ್ಕೇ. ಹೊರಗಿನಿಂದ ಸೂಜಿ ಹಾಕಿಸಲು ಹೇಳಿದರೆ, "ಮನ್ಯಾಗ ಬಸವಣ್ಣ ಇರೂಮುಂದ ನಳಿಗಿಯಾಗಿನ ಬೀಜ ಯಾಕ್ರಿ?" ಎನ್ನುತ್ತಿದ್ದರು.

ಬಸವ ಬೆಳೆದಂತೆ ಅದರ ಮೈಕಟ್ಟು ಸುತ್ತಲಿನ ಊರುಗಳಿಗೆ ಮಾತಾಯಿತು. ಹಿಂಭಾಗವಂತೂ ತುಂಬಿ ತುಳುಕುತ್ತಿತ್ತು. ಕುಂದಗೋಳದಿಂದ ಬಂದವರು ಮೊಬೈಲಿನಲ್ಲಿ ಹಿಡಿದುಕೊಂಡು ಹೋಗುತ್ತಿದ್ದರು. ಡಾಕ್ಟರಬಾಯಾರು ಮಾತ್ರ ಗುಡಿಯ ಕಟ್ಟೆಯ ಮೇಲೆ ಕುಳಿತು ಅದನ್ನು ಬಹಳ ಹೊತ್ತು ಸುಮ್ಮನೆ ನೋಡುತ್ತಿದ್ದರು. ಭಕ್ತಿ ಎಂದು ತಿಳಿದೆವು.

ಗಂಡಾಂತರ ಶುರುವಾದದ್ದು ಶಿವಪ್ಪಕಾಕಾನ ಕೊಟ್ಟಿಗೆಯಲ್ಲೇ. ಅವನ ಮುದಿ ಆಕಳಿಗೆ ಬಸವನಿಂದ ಎರಡು ಹೆಣ್ಣು ಕರು ಹುಟ್ಟಿದ್ದವು, ಗೌರಿ ಮತ್ತು ಗಂಗಿ. ಎರಡೂ ನೋಡಲು ಸಾದಾ. ದೊಡ್ಡವಳು ಗೌರಿ ಬೆಳೆದು ಗಬ್ಬವಾಯಿತು, ಅದೇ ಬಸವನಿಂದ. ದಿನ ತುಂಬಿ ನೋವು ಬಂದಾಗ ಕರುವಿನ ಮುಂಗಾಲು ಕಂಡವು, ಮುಂದೆ ಬರಲಿಲ್ಲ. ಬಾಯಾರು ಬೇರೆ ಊರಿಗೆ ಹೋಗಿದ್ದರು. ಫೋನ್ ಮಾಡಿದರೆ, "ನಾ ಬರೂತನ ಮುಟ್ಟಬ್ಯಾಡ್ರಿ" ಎಂದರಂತೆ. ಆದರೆ ಓಣಿಯ ಗಂಡಸರು ಕೂಡಿದ್ದರು. ಬಸವಣ್ಣನ ಮಗ ಬರುವಾಗ ಕೈ ಕಟ್ಟಿ ನಿಲ್ಲುವುದು ಹೇಗೆ? ಕಾಲಿಗೆ ಹಗ್ಗ ಹಾಕಿ, ಹರಹರ ಎಂದು ಎಲ್ಲರೂ ಸೇರಿ ಎಳೆದರು. ಕರು ಬಂತು. ಗೌರಿ ಮತ್ತೆ ಏಳಲಿಲ್ಲ.

ಆದರೂ ಆ ದಿನ ಊರಿನಲ್ಲಿ ಅಳು ಇರಲಿಲ್ಲ. ಏಕೆಂದರೆ ಹುಟ್ಟಿದ ಕರು ಹಾಗಿತ್ತು. ಅಂಥ ತೊಡೆಗಳನ್ನು ಎಳೆಗರುವಿನಲ್ಲಿ ನಾವು ಕಂಡಿರಲಿಲ್ಲ. ಚರ್ಮದ ಕೆಳಗೆ ಮಾಂಸದ ಗೆರೆಗಳು ಎಣಿಸುವಂತೆ ಕಾಣುತ್ತಿದ್ದವು. "ಬಸವಣ್ಣನ ತಿರುಗಿ ಹುಟ್ಯಾನ" ಎಂದರು ಯಾರೋ. ಅಷ್ಟು ಸಾಕಾಯಿತು. ಹೂವಿನ ಹಾರ ಬಂತು, ಕಾಯಿ ಒಡೆದರು, ಹುಡುಗರು ರೀಲ್ಸ್ ಮಾಡಿದರು. ಬಾಯಾರು ಬಂದಾಗ ಮಂದಿಯೆಲ್ಲ ಕರುವಿನ ಸುತ್ತ ಇದ್ದರು. ಅವರು ಕರುವಿನ ಹಿಂಭಾಗ ಒಮ್ಮೆ ಮುಟ್ಟಿ, ಅದರ ಬಾಯಿ ತೆರೆದು ನಾಲಿಗೆ ನೋಡಿ, ಅಲ್ಲಿಂದ ಎದ್ದು ಗೌರಿಯ ಹೆಣದ ಪಕ್ಕ ಹೋಗಿ ಕುಳಿತರು. ಅದರ ಕಿವಿಯನ್ನು ಸವರುತ್ತಾ ಕೂತೇ ಇದ್ದರು. ನನಗೆ ಅದು ಅಪಶಕುನದಂತೆ ಕಂಡಿತು, ನಿಜ ಹೇಳುತ್ತೇನೆ.

ಕರುವಿಗೆ ನಾಲಿಗೆ ದಪ್ಪ, ಮೊಲೆ ಹಿಡಿಯಲು ಬರಲಿಲ್ಲ. ಬೇರೆ ಆಕಳಿನ ಹಾಲು ಹಿಂಡಿ ಬಾಟಲಿಯಲ್ಲಿ ಕುಡಿಸಿದರು. ಅಷ್ಟು ಮೈ ಇದ್ದೂ ನೆಟ್ಟಗೆ ನಿಲ್ಲಲು ಆಗಲಿಲ್ಲ. ವಾರ ತುಂಬುವುದರೊಳಗೆ ಸತ್ತಿತು. ಬಾಯಾರ ಕಣ್ಣು ತಾಗಿತು ಎಂದೂ ಕೆಲವರು ಆಡಿಕೊಂಡರು. ಅದೇ ವರ್ಷ ಮತ್ತೆರಡು ಮನೆಗಳಲ್ಲಿ ಅಂಥವೇ ಕರುಗಳು ಅಡ್ಡ ಸಿಕ್ಕವು. ಒಂದು ಕಡೆ ಬಾಯಾರು ಅಂಗಳದಲ್ಲೇ ಆಕಳಿನ ಹೊಟ್ಟೆ ಕೊಯ್ದು ತಾಯಿಯನ್ನು ಉಳಿಸಿದರು. ಇನ್ನೊಂದು ಕಡೆ ಎರಡೂ ಹೋದವು.

ಆಮೇಲೆ ಬಾಯಾರು ಹಾಲಿನ ಸರದಿಯಲ್ಲಿ ಬಂದು ನಿಲ್ಲತೊಡಗಿದರು. ಹಾಲು ತಂದ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ಕೇಳುವರು. "ನಿಮ್ಮ ಆಕಳದ ಅವ್ವ ಯಾವುದು? ಅಪ್ಪ ಯಾರು?"

"ಅಪ್ಪ ಯಾರಂತ ಕೇಳ್ತಾರ ನೋಡ ಬೇ! ಊರಿಗೆಲ್ಲಾ ಒಬ್ಬನ ಅದಾನ" ಎಂದು ಅವರು ಸೆರಗು ಬಾಯಿಗಿಟ್ಟು ನಗುವರು.

ನಕ್ಕರೂ ಹೇಳಿದರು. ದನದ ಸಂಬಂಧ ಹೇಳುವುದರಲ್ಲಿ ನಮ್ಮ ಹೆಂಗಸರು ಬೀಗತನ ಹೇಳುವಷ್ಟೇ ಗಟ್ಟಿ. ಬಾಯಾರು ಸಂಘದ ನೆಲದ ಮೇಲೆ ಇದ್ದಿಲಿನಿಂದ ಗೆರೆ ಎಳೆದರು. ಅಡ್ಡ ಸಿಕ್ಕ ಕರುಗಳ ತಾಯಂದಿರೆಲ್ಲ ಬಸವನ ಮಕ್ಕಳೇ ಆಗಿದ್ದವು. ಆ ಕರುಗಳ ತಂದೆಯೂ ಬಸವನೇ.

ನನಗೆ ತಿಳಿಯಲಿ ಎಂದು ಅವರು ಹೊರಗೆ ನಿಂತ ಟ್ರ್ಯಾಕ್ಟರ್ ತೋರಿಸಿದರು. "ಟ್ರ್ಯಾಕ್ಟರಿಗೆ ಎಡಕ್ಕೊಂದು ಬಲಕ್ಕೊಂದು ಬ್ರೇಕ್ ಇರ್ತಾವಲ್ಲ, ಹಂಗ ಈ ಜೀನು ಅವ್ವನಿಂದ ಒಂದು, ಅಪ್ಪನಿಂದ ಒಂದು ಬರ್ತೈತಿ. ಒಂದ ಬ್ರೇಕ್ ಕೆಟ್ಟರ ಗಾಡಿ ಸ್ವಲ್ಪ ಜೋರ ಓಡ್ತೈತಿ, ಆದರೂ ನಿಲ್ತೈತಿ. ನಿಮ್ಮ ಬಸವಂದು ಒಂದ ಕೆಟ್ಟೈತಿ. ಅದಕ್ಕ ಅಷ್ಟ ಚಂದ ಕಾಣ್ತಾನ. ಅವನ ಮಕ್ಕಳಾಗ ಕೆಲವಕ್ಕ ಆ ಕೆಟ್ಟ ಬ್ರೇಕು ಹೋಗಿರ್ತೈತಿ, ಹೆಣ್ಣಿನ ಮೈಮ್ಯಾಲ ಅದು ಅಷ್ಟ ಎದ್ದು ಕಾಣೂದಿಲ್ಲ. ಅಂಥಾ ಮಗಳು ತಿರುಗಿ ಅವನ ಹಂತ್ಯಾಕ ಬಂದ್ರ, ಕೆಲವು ಕರಕ್ಕ ಎರಡೂ ಕೆಟ್ಟದ್ದ ಬರ್ತಾವು. ಆಗ ಹೊಟ್ಟಿಯಾಗ ಮಾಂಸಕ್ಕ 'ಸಾಕು' ಅನ್ನವರು ಯಾರೂ ಇಲ್ಲ."

"ಮತ್ತ ಗಂಗಿ?" ಎಂದೆ. ಗೌರಿಯ ತಂಗಿ ಗಂಗಿ, ಇನ್ನೂ ಒಮ್ಮೆಯೂ ಈಯದ ಮಣಕ, ಆಗ ಮೂರು ತಿಂಗಳ ಗಬ್ಬವಿತ್ತು. ಅದೂ ಬಸವನಿಂದಲೇ.

"ಗಂಗಿಗೆ ಬಂದೈತೋ ಇಲ್ಲೋ ಗೊತ್ತಿಲ್ಲ. ಬಂದಿದ್ರೂ ಕರಕ್ಕ ಎರಡೂ ಕೆಟ್ಟದ್ದ ಬರತಾವಂತ ಇಲ್ಲ. ಬಂದ್ರ, ಮಣಕ ಉಳಿಯೂದು ಕಠಿಣ" ಎಂದು ಇದ್ದಿಲು ಬಿಸಾಡಿ ಕೈ ಒರೆಸಿಕೊಂಡರು.

ಇಷ್ಟನ್ನು ನನ್ನ ಮುಂದೆ ಹೇಳಿ ಸುಮ್ಮನಾಗಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಅವರು ಗುಡಿಯಲ್ಲಿ ಮಂದಿ ಕೂಡಿದ ಒಂದು ಸೋಮವಾರ ಹೋಗಿ, ಬಸವನ ಬೀಜ ಒಡೆಸಬೇಕು ಎಂದು ಹೇಳಿಯೇಬಿಟ್ಟರು. ಸುತ್ತಿ ಬಳಸಿ ಹೇಳುವುದು ಅವರ ಜಾಯಮಾನದಲ್ಲೇ ಇರಲಿಲ್ಲ. ಪೂಜಾರಿಯ ಕೈಯಲ್ಲಿದ್ದ ಗಂಟೆ ನಿಂತಿತು. ಒಬ್ಬ ಎದ್ದು ನಿಂತು ಕೂಗಾಡಿದ. ಸ್ವಲ್ಪ ತಿಳಿದವನೊಬ್ಬ ನಡುವೆ ಬಂದು, "ಹಂಗಾರ ಬಸವಣ್ಣನ್ನ ಬಮ್ಮಿಗಟ್ಟಿಗೆ ಬಿಟ್ಟು ಬರೂಣು. ಅಲ್ಲಿ ನಮ್ಮ ಬೀಗರು ಅದಾರ. ಅಲ್ಲಿ ಅವನ ಮಕ್ಕಳಿಲ್ಲ. ಕೆಲಸಾ ಮುಗೀತು" ಎಂದ. ಎಲ್ಲರಿಗೂ ಒಪ್ಪಿಗೆಯಾಯಿತು. ನನಗೂ ಆಯಿತು. ಬಾಯಾರೂ ಹೂಂ ಎಂದಿದ್ದರೆ ಅಲ್ಲಿಗೆ ಜಗಳ ಮುಗಿಯುತ್ತಿತ್ತು.

"ಅಲ್ಲಿ ಮೂರು ನಾಕು ವರ್ಷ ಏನೂ ಆಗೂದಿಲ್ಲ" ಎಂದರು ಬಾಯಾರು. "ಎಲ್ಲಾರೂ ನಿಮ್ಮನ್ನ ಹೊಗಳ್ತಾರ. ಆಮ್ಯಾಲ ಅಲ್ಲೂ ಅವನ ಮಕ್ಕಳು ದೊಡ್ಡವಾಗ್ತಾವು. ಬಮ್ಮಿಗಟ್ಟಿ ಆಕಳ ಏನ ತಪ್ಪ ಮಾಡ್ಯಾವು?"

ಆಗ ಶಿವಪ್ಪಕಾಕಾ ಎದ್ದ. ಗೌರಿ ಸತ್ತ ಮೇಲೆ ಅವನು ಮಾತು ಕಡಿಮೆ ಮಾಡಿದ್ದ. "ಬಾಯಾರ, ನನ್ನ ಮೊಮ್ಮಗಳ ಜೀವಾ ಅವನ ಬೆನ್ನ ಮ್ಯಾಲ ಐತಿ. ದೇವರಿಗೆ ಕೊಟ್ಟದ್ದನ್ನ ಊನಾ ಮಾಡಿ, ನಾಳಿ ಆಕಿಗೆ ಏನರೆ ಆದ್ರ ನೀವು ಜವಾಬ್ದಾರಿ ತಗೋತೀರೇನು?"

ಬಾಯಾರು ಕಟ್ಟೆ ಇಳಿದರು. "ಅದನ್ನ ಹೇಳಾಕ ನನಗ ಬರೂದಿಲ್ಲ. ನನಗ ಗೊತ್ತಿದ್ದದ್ದು ಇಷ್ಟ" ಎಂದು ಬೂಟು ಹಾಕಿಕೊಂಡು ಹೋದರು. ಹಾಗೇನೂ ಆಗುವುದಿಲ್ಲ ಎಂದು ಒಂದು ಮಾತು ಹೇಳಬಹುದಿತ್ತು. ಅವರ ಬಗ್ಗೆ ನನಗೆ ಸಿಟ್ಟು ಬಂದದ್ದು ಆಗಲೇ. ಅವರ ಬಗ್ಗೆ ಗೌರವ ಹುಟ್ಟಿದ್ದೂ ಆಗಲೇ ಇರಬೇಕು. ಯಾವುದು ಮೊದಲೆಂದು ಈಗ ನೆನಪಿಲ್ಲ.

ಮುಂದೆ ಬಾಯಾರನ್ನು ಮನೆಗೆ ಕರೆಯುವವರು ಕಡಿಮೆಯಾದರು. ಎಮ್ಮೆಯ ಹೊಟ್ಟೆ ಉಬ್ಬಿದರೂ ಗುಡಗೇರಿಯ ಔಷಧಿ ಅಂಗಡಿಗೆ ಓಡುತ್ತಿದ್ದರು. ಬಾಯಾರು ಅದಕ್ಕೆ ಬೇಸರ ಮಾಡಿಕೊಂಡಂತೆ ಕಾಣಲಿಲ್ಲ. ಮುಂಜಾನೆ ಕೆಲಸಕ್ಕೆ ಹೊರಟಾಗ ಶಿವಪ್ಪಕಾಕಾನ ಕೊಟ್ಟಿಗೆಯ ಎದುರು ಸ್ಕೂಟರ್ ನಿಲ್ಲಿಸಿ, ಇಳಿಯದೆ, ದಾರಿಯಿಂದಲೇ ಗಂಗಿಯನ್ನು ನೋಡಿ ಹೋಗುತ್ತಿದ್ದರು. ಕಾಕಾ ಮುಖ ತಿರುಗಿಸುವನು. ಅವನ ಹೆಂಡತಿ ನೀಲವ್ವಕಾಕು ಮಾತ್ರ ಕಸ ಹೊಡೆಯುವುದನ್ನು ನಿಲ್ಲಿಸಿ ಇವರನ್ನೇ ನೋಡುವಳು.

ಗಂಟು ಬಿಚ್ಚಿದ್ದು ಆ ನೀಲವ್ವಕಾಕುವೇ. ಇನ್ನೊಂದು ಸೋಮವಾರ ಗುಡಿಯಲ್ಲಿ ಗಂಡಸರು ಮತ್ತೆ ಬಸವನ ಮಾತು ತೆಗೆದು ಜಗ್ಗಾಡುತ್ತಿದ್ದಾಗ, ಹೆಂಗಸರ ಕಡೆಯಿಂದ ಆಕೆ ದೊಡ್ಡ ದನಿಯಲ್ಲಿ ಅಂದಳು: "ಅಲ್ರೀ, ನಮ್ಮ ಮಠದಾಗ ವಿರಕ್ತ ಸ್ವಾಮಿಗೋಳು ಅದಾರ. ಅವರಿಗೆ ಹೆಂಡ್ತಿ ಮಕ್ಕಳಿಲ್ಲ ಅಂತ ನಾವೇನ ಅವರ ಕಾಲ ಮುಗಿಯೂದ ಬಿಟ್ಟೀವೇನು? ಇನ್ನಷ್ಟ ಮುಗೀತೀವಿ. ಬಸವಣ್ಣಗೂ ವಿರಕ್ತಿ ಕೊಡಸ್ರಿ. ಸಂಸಾರ ಸಾಕು ಅವಗ."

ಮೊದಲು ಪೂಜಾರಿ ನಕ್ಕ. ನಗು ಒಬ್ಬರಿಂದ ಒಬ್ಬರಿಗೆ ಹತ್ತಿ ಕೊನೆಗೆ ಕಾಕಾನ ಮೀಸೆಯ ಕೆಳಗೂ ಕಂಡಿತು. ಮಠದ ಸ್ವಾಮಿಗಳಾದ ಅಜ್ಜಾರನ್ನು ಕೇಳಿದರೆ ಅವರು ಇನ್ನೂ ಜೋರಾಗಿ ನಕ್ಕು, ತಾವೇ ಬಂದು ವಿಭೂತಿ ಹಚ್ಚುತ್ತೇನೆ ಎಂದರು. ವಿಜ್ಞಾನಕ್ಕೆ ಆಗದ್ದು ನೀಲವ್ವಕಾಕುವಿನ ಬಾಯಿಗೆ ಆಯಿತು. ಸಂಜೆ ಇದನ್ನು ಬಾಯಾರಿಗೆ ಹೇಳಿದಾಗ, "ಈಕಿ ನಮ್ಮ ಲ್ಯಾಬಿನ್ಯಾಗ ಇರಬೇಕಾಗಿತ್ತು" ಎಂದರು. ಅವರ ಬಾಯಿಂದ ನಾನು ಕೇಳಿದ ಹೊಗಳಿಕೆ ಅದೊಂದೇ.

ಬಸವನಿಗೆ ಮೈ ತೊಳೆದು, ಕಾವಿ ಬಣ್ಣದ ಹೊಸ ಝೂಲು ಹೊದಿಸಿ, ಹಣೆಗೆ ವಿಭೂತಿ ಬಳಿದರು. ರಕ್ತ ಬರದಂತೆ ನರ ಒತ್ತುವ ದೊಡ್ಡ ಇಕ್ಕಳ ಹಿಡಿದು ಬಾಯಾರು ಬಂದಾಗ, ಹಗ್ಗ ಹಿಡಿಯಲು ಒಬ್ಬನೂ ಮುಂದೆ ಬರಲಿಲ್ಲ. ಶಿವಪ್ಪಕಾಕಾ ತಾನೇ ಬಂದು ಹಿಡಿದ. ಮುಖ ಮಾತ್ರ ಗುಡಿಯ ಕಡೆ. ಬಾಯಾರು ಬಸವನ ಕಿವಿಯ ಹತ್ತಿರ ಬಾಗಿ, "ತಪ್ಪ ತಿಳೀಬ್ಯಾಡ್ರಿ ಅಪ್ಪಾರ" ಎಂದು ಹೇಳಿದ್ದನ್ನು ನಾನು ಕೇಳಿದೆ. ಕೆಲಸ ಮುಗಿದ ಮೇಲೆ ಕಾಕಾ ಹಗ್ಗ ಬಿಟ್ಟು ನೇರ ಮನೆಗೆ ಹೋದ. ಒಪ್ಪಿಗೆ ಕೊಟ್ಟದ್ದು ಕೊಟ್ಟ, ಬಾಯಾರ ಜೊತೆ ಮಾತು ಮಾತ್ರ ಪೂರ್ತಿ ಬಿಟ್ಟ. ಪರೀಕ್ಷೆಗೆಂದು ಬಾಯಾರು ಮೊದಲೇ ಕಳಿಸಿದ್ದ ಬಸವನ ರಕ್ತದ ಫಲಿತಾಂಶ ಇದೆಲ್ಲ ಆದ ಮೇಲೆ ಬಂತು. ಅವರು ಹೇಳಿದ್ದೇ ಅದರಲ್ಲಿತ್ತು. ಊರಲ್ಲಿ ಅದನ್ನು ಯಾರೂ ಕೇಳಲಿಲ್ಲ.

ಆದರೆ ಗಂಗಿಯ ಹೊಟ್ಟೆಯಲ್ಲಿ ಇದ್ದದ್ದು ಇದ್ದೇ ಇತ್ತಲ್ಲ. ಮುಂದೆ ಬರುವ ಆಕಳುಗಳಿಗೆ ದಾರಿಯಾಯಿತು, ಇದಕ್ಕೆ ಏನೂ ಮಾಡುವಂತಿರಲಿಲ್ಲ. ಬಸವನ ಕೊನೆಯ ಕರುಗಳಲ್ಲಿ ಅದೊಂದು. ಮಣಕದ ಹೊಟ್ಟೆ ಬೆಳೆದಂತೆ ಕಾಕಾ ಸೊರಗಿದ. ಹೊಟ್ಟೆ ದೊಡ್ಡದಾಗಿ ಕಂಡರೆ ಹೆದರುವನು, ಸಣ್ಣದಾಗಿ ಕಂಡರೆ ತನ್ನ ಕಣ್ಣೇ ನಂಬದೆ ಇನ್ನೊಬ್ಬರನ್ನು ಕರೆದು ತೋರಿಸುವನು. ಗೌರಿಯನ್ನು ಎಳೆದ ಹಗ್ಗವನ್ನು ಒಲೆಗೆ ಹಾಕಿದನೆಂದು ನೀಲವ್ವಕಾಕು ಹೇಳಿದಳು.

ಅಷ್ಟರಲ್ಲಿ ಬಾಯಾರಿಗೆ ನಿವೃತ್ತಿಯಾಯಿತು. ಆಸ್ಪತ್ರೆಯವರು ಹಾರ ಹಾಕಿ, ಶಾಲು ಹೊದಿಸಿ ಕಳಿಸಿದರು. ಅಳ್ನಾವರದಲ್ಲಿ ತಮ್ಮನ ಮನೆಯ ಪಕ್ಕ ಮನೆ ನೋಡಿಟ್ಟಿದ್ದರು. ಸಾಮಾನು ಕಟ್ಟಿ ಆಗಿತ್ತು. ಆದರೂ ಹೊರಡಲಿಲ್ಲ. ಚಾಪೆ, ಒಂದು ಪಾತ್ರೆ ಮತ್ತು ಆ ಚೀಲ ಮಾತ್ರ ಹೊರಗಿಟ್ಟುಕೊಂಡು ಕುಳಿತರು. ಯಾವಾಗ ಹೊರಡುತ್ತೀರಿ ಎಂದು ಮನೆ ಮಾಲೀಕ ಕೇಳಿದರೆ, "ಗಂಗಿ ಹೇಳಿದಾಗ" ಎಂದರಂತೆ. ಅದಾವ ಗಂಗಿ ಎಂದು ಅವನು ನನ್ನನ್ನು ಕೇಳಲು ಬಂದಿದ್ದ.

ಗಂಗಿ ಹೇಳಿದ್ದು ಒಂದು ಮಧ್ಯಾಹ್ನ. ನಾನು ಸಂಘದ ಬಾಗಿಲು ಹಾಕುತ್ತಿದ್ದೆ. ಶಿವಪ್ಪಕಾಕಾ ಬರಿಗಾಲಲ್ಲಿ ಓಡಿ ಬಂದ. "ಬಾಯಾರ ಅದಾರೋ, ಹ್ವಾದರೋ?" ಎಂದ. ಬಾಯಾರು ಆಗಲೇ ಚೀಲ ಹಿಡಿದು ಹಿಂದಿನ ಬಾಗಿಲಲ್ಲಿ ನಿಂತಿದ್ದರು.

ಕೊಟ್ಟಿಗೆಯಲ್ಲಿ ಗಂಗಿ ಮಲಗಿ ನರಳುತ್ತಿತ್ತು. ಎರಡು ಗೊರಸು ಹೊರಗೆ ಕಾಣುತ್ತಿದ್ದವು. ಓಣಿಯ ಗಂಡಸರು ಬಂದಿದ್ದರು, ಈ ಸಲ ಗೋಡೆಗೆ ಆತು ದೂರ ನಿಂತಿದ್ದರು. ಬಾಯಾರು ಮೊಣಕೈವರೆಗೆ ತೊಳೆದುಕೊಂಡು, ಮಗ್ಗುಲಾಗಿ ಮಲಗಿ ಒಳಗೆ ಕೈ ಹಾಕಿದರು. ಕಣ್ಣು ಮುಚ್ಚಿದ್ದರು. ಕೈ ಮುಂದೆ ಹೋಯಿತು, ಏನನ್ನೋ ತಡವಿತು, ನಿಂತಿತು. ನೀಲವ್ವಕಾಕು ಗೋಡೆ ಹಿಡಿದುಕೊಂಡಳು. ಕಾಕಾ ಕೇಳಲಾರದೆ ಕೇಳಿದ.

"ಏನೈತ್ರಿ?"

"ಎಳೀಬ್ಯಾಡ್ರಿ. ತಾನ ಬರ್ತೈತಿ" ಎಂದು ಬಾಯಾರು ಕೈ ಹೊರಗೆ ತೆಗೆದರು.

ತಾನೇ ಬಂತು. ಗಂಗಿ ಒಮ್ಮೆ ಜೋರಾಗಿ ತಿಣುಕಿತು, ಕರು ಜಾರಿ ಹುಲ್ಲಿನ ಮೇಲೆ ಬಿತ್ತು. ಹೋರಿಗರು. ಕಾಕಾ ಕುಕ್ಕರುಗಾಲಲ್ಲಿ ಕೂತು, ಲೋಳೆ ಒರೆಸುವ ಮೊದಲೇ ಅದರ ಹಿಂದಿನ ತೊಡೆ ತಡವಿದ. ಎರಡೂ ಕಡೆ ತಡವಿದ. "ಏನೂ ಇಲ್ಲ!" ಎಂದು ಕೂಗಿದ. "ಬರೇ ಎಲುಬ ಐತಿ! ಅಗದಿ ಬಡಕಲ ಐತಿ! ಏ ನೀಲವ್ವಾ, ಬಡಕಲ ಐತಿ ನೋಡಬೇ!" ಕರುವಿನ ತೊಡೆಯಲ್ಲಿ ಮಾಂಸವಿಲ್ಲವೆಂದು ಒಬ್ಬ ಒಕ್ಕಲಿಗ ಕುಣಿಯುವುದನ್ನು ನಾನು ನೋಡಿದ್ದು ಅದೇ ಮೊದಲು. ಗೋಡೆಗೆ ಆತಿದ್ದವರೆಲ್ಲ ಬಂದು ಒಬ್ಬೊಬ್ಬರಾಗಿ ಆ ಬಡಕಲು ತೊಡೆಯನ್ನು ಮುಟ್ಟಿ ಮುಟ್ಟಿ ನೋಡಿದರು. ಗಂಗಿ ಎದ್ದು ನಿಂತು ಕರುವನ್ನು ನೆಕ್ಕತೊಡಗಿತು. ಸ್ವಲ್ಪ ಹೊತ್ತಿನಲ್ಲಿ ಕರುವೂ ತಡವರಿಸುತ್ತಾ ಎದ್ದು ಮೊಲೆ ಹುಡುಕಿಕೊಂಡಿತು.

ಬಾಯಾರು ಅಲ್ಲೇ ಹುಲ್ಲಿನ ಮೇಲೆ ಕೂತಿದ್ದರು. ಅಳುತ್ತಿದ್ದರು. ಸದ್ದಿಲ್ಲ, ಒರೆಸಿಕೊಳ್ಳುತ್ತಲೂ ಇರಲಿಲ್ಲ, ಕೈ ಹೊಲಸಾಗಿತ್ತಲ್ಲ.

"ಲ್ಯಾಬಿನ್ಯಾಗ ಇಂಥಾ ಮರಿನೂ ಹುಟ್ತಿದ್ವು" ಎಂದರು ನನ್ನ ಕಡೆ ನೋಡಿ. "ಸಾದಾ ಮರಿ. ತೂಗಿ ಬಾಜೂಕ ಇಡ್ತಿದ್ದೆ. ದಪ್ಪನ್ನವು ಬಂದಾವೇನಂತ ನೋಡೂ ಗದ್ದಲದಾಗ, ಒಂದಕ್ಕೂ ಚೊಲೋ ಹುಟ್ಟಿದಿ ಅಂತ ಅನ್ನಲಿಲ್ಲ."

ಶಿವಪ್ಪಕಾಕಾ ತನ್ನ ಹೆಗಲ ಮೇಲಿನ ಟವೆಲ್ಲು ಅವರ ಕೈಗೆ ಕೊಟ್ಟ. "ಬಾಯಾರ, ಇದಕ್ಕ ಹೆಸರ ನೀವ ಇಡ್ರಿ" ಎಂದ.

"ಹೆಸರ ಬ್ಯಾಡ" ಎಂದರು ಬಾಯಾರು. "ಹೆಸರ ಇಟ್ರ ಮಂದಿ ನೋಡಾಕ ಬರ್ತಾರ. ಸುಮ್ನ ಬೆಳೀಲಿ. ಆದ್ರ ಬೆಳದ ಮ್ಯಾಲ ಬೀಜ ಒಡಸೂದ ಮರೀಬ್ಯಾಡ. ಇದಕ್ಕೂ ಒಂದ ಬ್ರೇಕ್ ಕೆಟ್ಟಿರಬಹುದು."

ಮರುದಿನ ಟೆಂಪೋದಲ್ಲಿ ಸಾಮಾನು ಹೇರಿಕೊಂಡು ಅಳ್ನಾವರಕ್ಕೆ ಹೋದರು. ಆಮೇಲೆ ಒಂದೆರಡು ಸಲ ಫೋನಿನಲ್ಲಿ ಮಾತಾಡಿದ್ದೆ. ನನ್ನನ್ನು ಕೇಳುವ ಮೊದಲು ದನಗಳನ್ನು ಕೇಳುತ್ತಿದ್ದರು. ಕರು ಎತ್ತಾಯಿತು. ನೋಡಲು ಬರುವಂಥದ್ದೇನೂ ಅದರಲ್ಲಿಲ್ಲ. ಸಾಲು ತಪ್ಪದೆ ನಡೆಯುತ್ತದೆ.

ಈ ವರ್ಷ ಬಿತ್ತನೆಯ ಹದ ಬಂದ ದಿನ ಅವರ ತಮ್ಮ ಫೋನ್ ಮಾಡಿದರು. ಮುಂಜಾನೆ ಚಾ ಕುಡಿದು ಕುರ್ಚಿಯಲ್ಲಿ ಕೂತವರು ಹಾಗೇ ಹೋದರಂತೆ. ಹಾಲಿನ ಸರದಿ ಮುಗಿಸಿ ನಾನು ಶಿವಪ್ಪಕಾಕಾನ ಹೊಲಕ್ಕೆ ಹೋದೆ. ಅವನು ಕೂರಿಗೆ ಹೂಡಿದ್ದ. ಸುತ್ತಲಿನ ಹೊಲಗಳಲ್ಲೆಲ್ಲ ಬಿತ್ತನೆ ನಡೆದಿತ್ತು, ಮೋಡ ಮತ್ತೆ ಕಟ್ಟುತ್ತಿತ್ತು. ನಾನು ಹೇಳಿದ್ದನ್ನು ಕೇಳಿ ಕಾಕಾ ಕೂರಿಗೆ ನಿಲ್ಲಿಸಿದ. ಗಂಗಿಯ ಆ ಹೆಸರಿಲ್ಲದ ಎತ್ತಿನ ಬೆನ್ನ ಮೇಲೆ ಕೈ ಇಟ್ಟ. ಆಮೇಲೆ ಬಾಗಿ ಅದರ ಕೊರಳಿನ ನೊಗ ಬಿಚ್ಚಿದ.

"ಹದಾ ಹೋಗತೈತಲ್ಲೋ ಕಾಕಾ" ಎಂದೆ.

"ಹೋಗ್ಲಿ" ಎಂದ. "ಇವತ್ತ ಇದು ದುಡಿಯೂದ ಬ್ಯಾಡ."